ಎಡಕ್ಕೆ ಬಿದ್ದ ಎಸಳು

ಅತ್ತೆಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಬಾಳೆನಾರಿನ ಕರೆ ಹಿಡಿದು ಹುರುಳಿಕಾಳಿನ ಬಣ್ಣಕ್ಕೆ ತಿರುಗಿತ್ತು. ಎಷ್ಟು ತಿಕ್ಕಿ ತೊಳೆದರೂ ಅದು ಹೋಗುತ್ತಿರಲಿಲ್ಲ. ಮದುವೆಮನೆಗೆ ಹೋದಾಗ ಮಾತ್ರ ಆ ಬೆರಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಳ್ಳುತ್ತಿದ್ದಳು.

ನನಗೆ ಸ್ವಂತ ಅತ್ತೆಯಲ್ಲ, ಆಚೆಮನೆಯವಳು. ಸಿದ್ದಾಪುರದ ಕಡೆಯ ನಮ್ಮೂರಿನ ಗಣಪತಿಯ ಪೂಜೆ ನಮ್ಮ ಮನೆಯದು. ಅಪ್ಪನ ನಂತರ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಪೂಜೆ ಮುಗಿಸಿ, ಮಡಿ ಬಿಚ್ಚಿ ಪ್ಯಾಂಟು ಏರಿಸಿ, ಎಂಟೂಕಾಲಿನ ಬಸ್ಸು ಹಿಡಿದು ಪೇಟೆಯ ಹೈಸ್ಕೂಲಿಗೆ ಗಣಿತ ಕಲಿಸಲು ಓಡುವವ ನಾನು. ಅತ್ತೆಗೆ ಅಂಥ ಅವಸರವೇನೂ ಇರಲಿಲ್ಲ. ಮದುವೆಯಾಗಿ ಬಂದ ವರ್ಷದಿಂದ ಗಣಪತಿಗೆ ದಿನಕ್ಕೊಂದು ಮಾಲೆ ಅವಳದೇ.

ಮಾಲೆ ಕಟ್ಟುವುದಕ್ಕೆ ಅವಳ ಕಟ್ಟಳೆಗಳು ಬೇರೆಯೇ ಇದ್ದವು. ನಾರಿನ ತುದಿಯನ್ನು ಹಲ್ಲಲ್ಲಿ ಕಚ್ಚಿದರೆ ಎಂಜಲು, ಕಾಲ ಬೆರಳಿಗೆ ಸಿಕ್ಕಿಸಿದರೆ ಅದಕ್ಕಿಂತ ಕೇಡು. ಅದಕ್ಕೆಂದೇ ಜಗಲಿಯ ಕಂಬಕ್ಕೆ ಬಿದಿರಿನ ಗೂಟವೊಂದನ್ನು ಹೊಡೆಸಿಕೊಂಡಿದ್ದಳು. ಒಮ್ಮೆ ನಾನು ಅವಳ ಬುಟ್ಟಿಯಿಂದ ಜಾಜಿಯೊಂದನ್ನು ಎತ್ತಿ ಮೂಗಿಗೆ ಹಿಡಿದೆ. ಕೈಯಿಂದ ಕಸಿದುಕೊಂಡು ತನ್ನ ಮುಡಿಗೇ ಸಿಕ್ಕಿಸಿಕೊಂಡಳು. "ಮೂಸಿದ ಹೂಗು ಇನ್ನು ಮನುಷ್ಯರಿಗೇ ಸೈ, ತಮಾ" ಎಂದು ನಕ್ಕಳು.

ಕೆಲವು ವರ್ಷಗಳ ಹಿಂದೆ ಅವಳ ಕಣ್ಣು ಮಂಜಾಗತೊಡಗಿತು. ಮಗ ಶಿರಸಿಗೆ ಕರೆದೊಯ್ದು ತೋರಿಸಿದ. ಕಣ್ಣಿನೊಳಗೆ ಒತ್ತಡ ಏರಿದೆ, ಬೇಗ ಹುಬ್ಬಳ್ಳಿಗೆ ಹೋಗಿ ಆಪರೇಷನ್ ಮಾಡಿಸಿ, ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಎಂದರಂತೆ ಡಾಕ್ಟರು. ಮಗ ಹೊರಟೇ ನಿಂತ. ಆದರೆ ಪ್ರಸಾದ ಕೇಳದೆ ಹೊಸ್ತಿಲು ದಾಟುವವಳಲ್ಲ ಅತ್ತೆ.

ಪ್ರಸಾದ ಕೇಳುವುದೆಂದರೆ ಒದ್ದೆ ಮಾಡಿದ ಹೂವಿನ ಎಸಳನ್ನು ದೇವರ ಎರಡೂ ಭುಜಕ್ಕೆ ಹಚ್ಚಿ ಕಾಯುವುದು. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ಅವತ್ತು ನನ್ನ ಶಾಲೆಯಲ್ಲಿ ಪರೀಕ್ಷೆ. ಎಸಳನ್ನು ಹೆಚ್ಚೇ ನೆನೆಸಿದ್ದೆನೋ ಏನೋ, ಎರಡೂ ಅಂಟಿಕೊಂಡು ಕೂತವು. ಅತ್ತೆ ಗರ್ಭಗುಡಿಯ ಹೊರಗೆ ಕಣ್ಣು ಮುಚ್ಚಿ, ಕೈಮುಗಿದು ನಿಂತೇ ಇದ್ದಳು. ನಾನು ಎರಡು ಸಲ ಗಡಿಯಾರ ನೋಡಿದೆ. ದೀಪದ ಬತ್ತಿ ಸರಿಪಡಿಸಲು ಬಗ್ಗಿದಾಗ ಹೆಗಲ ಮೇಲಿನ ಶಲ್ಯದ ಅಂಚು ಗಣಪತಿಯ ಎಡಭುಜಕ್ಕೆ ತಾಗಿ ಎಸಳು ಬಿತ್ತು.

ಹಾಗೆ ಬಿದ್ದದ್ದು ಪ್ರಸಾದವಲ್ಲ. ಹೊಸ ಎಸಳು ಹಚ್ಚಿ ಮತ್ತೆ ಕೇಳಬೇಕು. ಅಪ್ಪ ನನಗೆ ಕಲಿಸಿದ ಮೊದಲ ಪಾಠಗಳಲ್ಲಿ ಅದೂ ಒಂದು. ಬೇಕೆಂದೇ ತಾಗಿಸಲಿಲ್ಲ ಎಂದು ಇವತ್ತಿಗೂ ಹೇಳಬಲ್ಲೆ. ಆದರೆ ಅದು ಬಿದ್ದಾಗ ನನಗಾದದ್ದು ಗಾಬರಿಯಲ್ಲ, ಬಸ್ಸು ಸಿಗುತ್ತದೆಂಬ ಸಮಾಧಾನ. "ಎಡಕ್ಕೆ ಆತು ಅತ್ತೆ" ಎಂದುಬಿಟ್ಟೆ.

ಸಂಜೆ ಅವಳ ಮಗ ಬಂದು ನನ್ನನ್ನೂ ಕರೆದುಕೊಂಡು ಹೋದ. ಇನ್ನೊಂದು ಸಲ ಕೇಳೋಣವೆಂದು ತಾಯಿಯೆದುರು ಗೋಗರೆದ. ಅತ್ತೆ ಗೂಟಕ್ಕೆ ನಾರು ಸಿಕ್ಕಿಸುತ್ತ, "ಅಂವ ಬ್ಯಾಡ ಹೇಳಿದ ಮೇಲೆ ಮತ್ತೆ ಕೇಳಿದ್ರೆ ಅವನನ್ನೇ ಪರೀಕ್ಷೆ ಮಾಡಿದಂಗೆ ಆಗ್ತು" ಎಂದಳು. ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ಬಿಟ್ಟಿದ್ದರೆ ಮರುದಿನವೇ ಅವಳು ಹುಬ್ಬಳ್ಳಿಯಲ್ಲಿರುತ್ತಿದ್ದಳು. ಊರಲ್ಲಿ ನಮ್ಮ ಭಟ್ಟರ ಮನೆಯ ಮರ್ಯಾದೆ ಏನಾಗುತ್ತದೆ ಎಂದು ಹೆದರಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಅಂಥ ನಾಳೆಗಳು ಬೇಕಾದಷ್ಟು ಬಂದು ಹೋದವು.

ಎರಡು ವರ್ಷ ತುಂಬುವಷ್ಟರಲ್ಲಿ ಅವಳಿಗೆ ಹಗಲೂ ಕಾಣದಾಯಿತು. ಮಾಲೆ ನಿಲ್ಲಲಿಲ್ಲ. ಸೊಸೆ ಕೊಯ್ದು ತಂದ ಹೂವನ್ನು ಬೆರಳಲ್ಲೇ ಸವರಿ, ಜಾಜಿ ಯಾವುದು, ನಂದಿಬಟ್ಟಲು ಯಾವುದು ಎಂದು ಬೇರೆ ಮಾಡಿಕೊಳ್ಳುತ್ತಿದ್ದಳು. ಮೂಸಿದರೆ ಸುಲಭವಾಗಿ ತಿಳಿಯುತ್ತಿತ್ತು, ಮೂಸುವವಳಲ್ಲ. ಮೊಮ್ಮಗಳ ಕೈಹಿಡಿದು ಬಂದು ಮಾಲೆಯನ್ನು ನನ್ನ ಕೈಗೇ ಕೊಡುತ್ತಿದ್ದಳು. ಅದರಲ್ಲಿ ಕೆಲವೊಮ್ಮೆ ಇರುವೆ ಇರುತ್ತಿದ್ದವು, ಒಣಗಿದ ಎಲೆ ಸೇರಿರುತ್ತಿತ್ತು. ನಾನು ಒಳಗೆ ಹೋಗಿ ಸದ್ದಿಲ್ಲದೆ ಅವನ್ನು ತೆಗೆಯುತ್ತಿದ್ದೆ. ಅಷ್ಟು ಮಾಡಿ ತಪ್ಪು ಸ್ವಲ್ಪವಾದರೂ ತೀರಿತೇನೋ ಎಂದು ನನಗೆ ನಾನೇ ಮೋಸಮಾಡಿಕೊಳ್ಳುತ್ತಿದ್ದೆ.

ಕಳೆದ ವರ್ಷ ಒಂದು ಬೆಳಿಗ್ಗೆ ಮಾಲೆ ಹಾಕಿದ ಮೇಲೆ ಹೊರಗಿನಿಂದ ಕೇಳಿದಳು, "ತಮಾ, ಅವಂಗೆ ಚೆಂದ ಕಾಣ್ತಾ?" ದಿನಾ ಕಣ್ಣಾರೆ ನೋಡುತ್ತಿದ್ದವಳು ಅದನ್ನು ನನ್ನಿಂದ ಕೇಳಿ ತಿಳಿಯಬೇಕಾಗಿತ್ತು. ನನ್ನಿಂದ ತಡೆಯಲಾಗಲಿಲ್ಲ. ಹೊರಗೆ ಬಂದು ಶಲ್ಯ ತಾಗಿದ್ದು, ಬಸ್ಸಿಗಾಗಿ ಸುಳ್ಳು ಹೇಳಿದ್ದು, ಎಲ್ಲ ಹೇಳಿದೆ. ಬಯ್ಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಕೈಚಾಚಿ ಕಂಬ ಹಿಡಿದುಕೊಂಡಳು.

"ಅಂದ್ರೆ, ಬ್ಯಾಡ ಹೇಳಿದ್ದು ಅಂವ ಅಲ್ದ?"

"ಅಲ್ಲ ಅತ್ತೆ."

"ಇಷ್ಟು ವರ್ಷ ಅವನ ಮೇಲೆ ಸಿಟ್ಟು ಇಟ್ಗಂಡೇ ಹೂಗು ಕಟ್ಟಿದ್ದು ಆನು. ನೀನು ಮೊದ್ಲೇ ಹೇಳಕಾಗಿತ್ತು ತಮಾ."

ನನಗೆ ಹೇಳಿದ್ದು ಅಷ್ಟೇ. ಮಗನಿಗೂ ಹೇಳಲಿಲ್ಲವೆಂದು ಕಾಣುತ್ತದೆ. ಅವನು ಇಂದಿಗೂ ನನ್ನ ಕಾಲಿಗೆ ಬೀಳುತ್ತಾನೆ. ಮರುದಿನ ಅವಳು ತಂದ ಮಾಲೆ ಎಂದಿನ ಎರಡರಷ್ಟು ಉದ್ದವಿತ್ತು. ತಪ್ಪುಕಾಣಿಕೆ ಎಂದಳು. ಹಾಕಿಯಾಯಿತೇ ಎಂದು ಕೇಳಿ, ಗಣಪತಿ ಇರುವ ಕಡೆಗೆ ಮುಖ ಮಾಡಿ, ಎರಡೂ ಕೆನ್ನೆ ಬಡಿದುಕೊಂಡು "ತಪ್ಪಾತು" ಎಂದಳು. ಆ ಮಾತು ಹೇಳಬೇಕಾದವನು ದೇವರ ಪಕ್ಕದಲ್ಲಿ ಗಂಟೆ ಹಿಡಿದುಕೊಂಡು ನಿಂತಿದ್ದೆ. ನಡೆದದ್ದನ್ನೆಲ್ಲ ಹೇಳಿದ್ದ ಬಾಯಿಗೆ ಆ ಒಂದು ಮಾತು ಮಾತ್ರ ಬಂದಿರಲಿಲ್ಲ, ಆಗಲೂ ಬರಲಿಲ್ಲ.

ಈ ಚೈತ್ರದಲ್ಲಿ ಅತ್ತೆ ತೀರಿಕೊಂಡಳು. ಸುದ್ದಿ ಕೇಳಿ ಹೋದವನು, ಅವಳಿಗೊಂದು ಮಾಲೆ ಕಟ್ಟೋಣವೆಂದು ಆ ಗೂಟದ ಎದುರು ಕೂತೆ. ನಾರು ಸಿಕ್ಕಿಸಿದೆ. ಅಷ್ಟು ವರ್ಷ ಎದುರಲ್ಲೇ ನೋಡಿದ್ದರೂ ನನ್ನ ಗಂಟು ನಿಲ್ಲಲಿಲ್ಲ, ಹೂವೆಲ್ಲ ಜಾರಿ ಮಡಿಲಿಗೆ ಬಿದ್ದವು. "ತಪ್ಪಾತು ಅತ್ತೆ" ಎಂದೆ. ಅವಳನ್ನು ಒಳಗೆ ಚಾಪೆಯ ಮೇಲೆ ಮಲಗಿಸಿದ್ದರು.