ಗಿಟಾರಿನ ಪಕ್ಕದ ಚುಕ್ಕೆಗಳು

ಅವಳು ಆ ಬೀದಿಗೆಲ್ಲ ಅತ್ತಿಗೆಯೇ. ಮೈದುನ ಕೂಗುವುದನ್ನು ಕೇಳಿ ಕೇಳಿ ಪಕ್ಕದ ಮನೆಯವರಿಗೂ ಅದೇ ಹೆಸರಾಗಿ ಹೋಗಿತ್ತು.

ಅವಳ ಗಂಡ ಗಿಟಾರ್ ಮಾಡುತ್ತಿದ್ದ, ಕೆಟ್ಟದ್ದನ್ನು ರಿಪೇರಿ ಮಾಡುತ್ತಿದ್ದ. ಮನೆಯ ಮುಂದಿನ ಕೋಣೆಯೇ ಕೆಲಸದ ಜಾಗ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಅಲ್ಲಿ ಮರದ ಪುಡಿ ಗುಡಿಸುತ್ತಿದ್ದಳು. ಆಮೇಲೆ ಉಜ್ಜುವ ಕೆಲಸ ಹಿಡಿದಳು. ಆಮೇಲೆ ಪಾಲಿಶ್. ಗಂಡ ಒಂದೊಂದೇ ಕೆಲಸ ಬಿಟ್ಟುಕೊಟ್ಟ, ಕೊರೆಯುವುದೊಂದನ್ನು ಬಿಟ್ಟು. "ಉಜ್ಜಿದ್ದು ಕೆಟ್ರೆ ಇನ್ನೊಂದ್ಸಲ ಉಜ್ಜಬಹುದು ಕಣೇ. ತೂತು ಕೆಟ್ರೆ ಅಲ್ಲಿಗೆ ಮುಗೀತು" ಎನ್ನುತ್ತಿದ್ದ.

ಅವನು ಹೋದ. ಎದೆ ಹಿಡಿದುಕೊಂಡ, ಕುರ್ಚಿಯಲ್ಲಿ ಕೂತ, ಅಷ್ಟೆ. ಅವಳು ಮುಂದಿನ ಕೋಣೆಗೆ ಬೀಗ ಜಡಿದು ಹಿತ್ತಲ ಬಾಗಿಲಿನಿಂದಲೇ ಓಡಾಡತೊಡಗಿದಳು. ಸಮಾಧಾನ ಹೇಳಲು ಬಂದವರಿಗೆ "ಹೂಂ" ಎಂದಳು. 

ಒಂದು ಭಾನುವಾರ ಬೆಳಿಗ್ಗೆ ಮೈದುನ ಗಿಟಾರ್ ಹೊತ್ತುಕೊಂಡು ಬಂದ. ಹಗಲು ಪೇಂಟ್ ಅಂಗಡಿಯಲ್ಲಿ ಅವನ ಕೆಲಸ. ಶನಿವಾರ ಸಂಜೆ ಮಾತ್ರ ಒಂದು ಹೋಟೆಲಿನ ಬ್ಯಾಂಡಿನಲ್ಲಿ ನುಡಿಸುತ್ತಿದ್ದ. ವಾರವಿಡೀ ಅವನು ಬದುಕುತ್ತಿದ್ದುದೇ ಆ ಸಂಜೆಗಾಗಿ. ಇವತ್ತು ಅವನ ಮುಖದಲ್ಲಿ ಕಳೆ ಇರಲಿಲ್ಲ. ಹಿಂದೆಯೇ ಬಂದ ಅವನ ಹೆಂಡತಿ ಮಾತ್ರ ನಗು ತಡೆದು ತಡೆದು ಕೆಂಪಗಾಗಿದ್ದಳು.

"ಅತ್ಗೆ, ನನ್ನ ಕಥೆ ಮುಗೀತು" ಎಂದ.

"ಏನಾಯ್ತು, ಬಿಡಿಸಿ ಹೇಳು."

ಹೋಟೆಲಿನವರು ವೇದಿಕೆಯ ದೀಪ ಬದಲಾಯಿಸಿದ್ದರು. ಮೊದಲು ಹಳದಿ ಬಲ್ಬು ಇತ್ತು. ಈಗ ಒಮ್ಮೆ ಕೆಂಪು, ಒಮ್ಮೆ ನೀಲಿ, ನಡುನಡುವೆ ಕತ್ತಲು. ಗಿಟಾರಿನ ಕತ್ತಿನ ಉದ್ದಕ್ಕೂ ಮನೆ ಮನೆಯಾಗಿ ಭಾಗ ಮಾಡಿರುತ್ತದೆ. ಯಾವ ಮನೆ ಎಲ್ಲಿದೆ ಎಂದು ನುಡಿಸುವವನಿಗೆ ತಿಳಿಯಲಿ ಅಂತ ಕತ್ತಿನ ಪಕ್ಕದ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕೆ ಇಟ್ಟಿರುತ್ತಾರೆ. ಆ ಚುಕ್ಕೆ ಮೈದುನನಿಗೆ ಕಾಣುತ್ತಿರಲಿಲ್ಲ. ಕಣ್ಣಿಗೂ ಐವತ್ತು ದಾಟಿತ್ತು.

"ಕಾಣ್ಲಿ ಅಂತ ಇವ್ರು ಏನ್ ಮಾಡಿದ್ರು ಕೇಳಿ ಅಕ್ಕ" ಎಂದಳು ಓರಗಿತ್ತಿ. "ಅಂಗಡಿಯಿಂದ ಮಿಂಚೋ ಬೆಳ್ಳಿ ಬಣ್ಣದ ಸ್ಟಿಕ್ಕರ್ ತಂದು, ದುಂಡಗೆ ಕತ್ತರಿಸಿ ಅಂಟಿಸಿದ್ರು. ನಿನ್ನೆ ವೇದಿಕೆ ಮೇಲೆ ಕೈ ಬೆವರಿತು. ಹೆಬ್ಬೆರಳು ತಾಗಿ ತಾಗಿ ಸ್ಟಿಕ್ಕರ್ ಮೆಲ್ಲಗೆ ಪಕ್ಕದ ಮನೆಗೆ ಹೋಯ್ತು. ಇವ್ರೂ ಅದರ ಹಿಂದೇನೇ ಹೋದ್ರು!"

ಇಡೀ ಚರಣ ಒಂದು ಮನೆ ಆಚೆಗೆ, ಅಪಸ್ವರದಲ್ಲಿ ನುಡಿಸಿದ್ದ. ಹಾಡುವವಳು ತಿರುಗಿ ನೋಡಿದಳು. ಊಟಕ್ಕೆ ಕೂತವರು ಚಮಚ ಕೆಳಗಿಟ್ಟರು.

"ನಿನ್ನ ಕಿವಿ ಎಲ್ಲಿ ಹೋಗಿತ್ತೋ?"

"ಕಿವಿ ಹೇಳ್ತಾನೇ ಇತ್ತು ಅತ್ಗೆ. ಕಣ್ಣು, ನೀನ್ ಸುಮ್ನಿರು ಅಂತಿತ್ತು."

ಓರಗಿತ್ತಿಗೆ ಇನ್ನು ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಅಡ್ಡ ಹಿಡಿದಳು. ಮೈದುನ ನಗಲಿಲ್ಲ. ಬರುವ ಶನಿವಾರವೂ ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದು ಬ್ಯಾಂಡಿನ ಯಜಮಾನ ಹೇಳಿಬಿಟ್ಟಿದ್ದ.

"ಅಣ್ಣ ಮಾಡಿಕೊಟ್ಟ ಗಿಟಾರ್ ಇದು. ಇನ್ನೊಬ್ಬರ ಕೈಗೆ ಕೊಡೋಕೆ ಮನಸ್ಸಾಗ್ತಿಲ್ಲ. ನೀವೇ ಏನಾದ್ರೂ ಮಾಡಿ."

"ನಾನು ಕೊರೆದವಳಲ್ಲ."

"ನೋಡಿದೀರಲ್ಲ."

ನೋಡಿದ್ದಳು. ಅದು ಸುಳ್ಳಲ್ಲ. ಆದರೆ ಗಂಡನ ಕೈ ಆಡಿದ ಮರ ಇನ್ನು ಇದೊಂದೇ ಕಣ್ಣೆದುರು ಉಳಿದಿತ್ತು. ಮಿಕ್ಕವು ಯಾರ್ಯಾರ ಮನೆಗೋ ಹೋಗಿದ್ದವು. ಇದು ಸೀಳಿದರೆ ಮೈದುನನ ಶನಿವಾರ ಹೋಗುತ್ತದೆ, ಅವಳದೂ ಏನೋ ಒಂದು ಹೋಗುತ್ತದೆ.

ಅವಳು ಬೀಗ ತೆಗೆದಳು. ಕೋಣೆ ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಕಿಟಕಿ ತೆರೆದು ಗಿಟಾರನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ಕೆನೆ ಬಣ್ಣದ ಪಟ್ಟಿ ಇತ್ತು. ಅದರ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆ. ಕತ್ತಲಲ್ಲಿ ಕಪ್ಪು ಕಾಣುವುದಿಲ್ಲ. ಬಿಳಿ ಇಟ್ಟರೆ ಪಟ್ಟಿಯೂ ಹೆಚ್ಚುಕಡಿಮೆ ಬಿಳಿ, ಅದೂ ಕಾಣುವುದಿಲ್ಲ. ಎರಡೂ ಬೇಕು ಎಂದುಕೊಂಡಳು. ಬೆಳಕಿಗೆ ಸುತ್ತ ಕಪ್ಪು ಬಳೆ, ಕತ್ತಲಿಗೆ ನಡುವೆ ಹೊಳೆಯುವ ಬೊಟ್ಟು.

"ನಿಮ್ಮ ಅಂಗಡೀಲಿ ರೇಡಿಯಂ ಪುಡಿ ಸಿಗುತ್ತೇನೋ? ಕತ್ತಲಲ್ಲಿ ಹೊಳಿಯೋದು?"

"ಸಿಗುತ್ತೆ. ಸ್ವಿಚ್ ಬೋರ್ಡಿಗೆ ಹಚ್ಚೋಕೆ ಒಯ್ತಾರೆ."

"ತಗೊಂಡ್ ಬಾ."

ಅವನು ತಂದುಕೊಟ್ಟು ಹೋದ. ಮೊದಲು ಚೂರು ಮರದ ಮೇಲೆ ಕೊರೆದು ನೋಡಿದಳು. ತೂತು ಸೊಟ್ಟಗಾಯಿತು. ಇನ್ನೊಂದು ಕೊರೆದಳು, ಸರಿಯಾಯಿತು. ಮತ್ತೊಂದು ಮತ್ತೆ ಸೊಟ್ಟ. ಎರಡು ದಿನ ಅದೇ ಆಯಿತು. ಆಮೇಲೆ ನೆನಪಾಯಿತು: ಗಂಡ ಮೊದಲು ದಬ್ಬಳದಿಂದ ಚುಚ್ಚಿ ಗುರುತು ಮಾಡುತ್ತಿದ್ದ. ಬೈರಿಗೆಯ ಮೊನೆಗೆ ಟೇಪು ಸುತ್ತಿ, ಅದಕ್ಕಿಂತ ಒಳಗೆ ಹೋಗದಂತೆ ತಡೆಯುತ್ತಿದ್ದ. ಅವಳೂ ಹಾಗೇ ಮಾಡಿದಳು. ಗಿಟಾರನ್ನು ಹಾಸಿಗೆಯ ಮೇಲೆ ಮಲಗಿಸಿ, ಕತ್ತಿನ ಕೆಳಗೆ ದಿಂಬು ಕೊಟ್ಟು, ಉಸಿರು ಹಿಡಿದು, ಒಂದೊಂದು ಹಳೆಯ ಚುಕ್ಕೆಯ ಮೇಲೂ ಕೈ ಬೈರಿಗೆ ತಿರುಗಿಸಿದಳು.

ಮರ ಸೀಳಲಿಲ್ಲ.

ಗಂಡ ಕರಿಮರದ ಪುಡಿಯನ್ನು ಬಾಟಲಿಯಲ್ಲಿ ತುಂಬಿಟ್ಟಿದ್ದ. ಅದನ್ನು ಅಂಟಿಗೆ ಕಲಸಿ ತೂತು ತುಂಬಿದಳು. ಒಣಗಿದ ಮೇಲೆ ಅದರ ನಡುವೆ ಇನ್ನೂ ಸಣ್ಣ ತೂತು ಕೊರೆದು, ರೇಡಿಯಂ ಪುಡಿಯನ್ನೂ ಅಂಟಿಗೆ ಕಲಸಿ ತುಂಬಿದಳು. ಬ್ಲೇಡಿನಿಂದ ಹೆರೆದು, ಉಜ್ಜಿ, ಪಾಲಿಶ್ ಕೊಟ್ಟಳು. ಬೆರಳಾಡಿಸಿದರೆ ಚುಕ್ಕೆ ಇದೆ ಎಂದೇ ತಿಳಿಯುತ್ತಿರಲಿಲ್ಲ.

ಶನಿವಾರ ಮಧ್ಯಾಹ್ನ ಮೈದುನ, ರೇಡಿಯಂ ಬೆಳಕು ಹೀರಲಿ ಅಂತ ಚುಕ್ಕೆಗಳಿಗೆ ಟಾರ್ಚ್ ಹಿಡಿದು, ಗಿಟಾರ್ ಎತ್ತಿಕೊಂಡು ಬಚ್ಚಲುಮನೆ ಹೊಕ್ಕು ಬಾಗಿಲು ಹಾಕಿಕೊಂಡ. ಆ ಮನೆಯಲ್ಲಿ ಹಗಲು ಕತ್ತಲಿರುವ ಜಾಗ ಅದೊಂದೇ.

"ಏನ್ರೀ, ಸ್ನಾನಕ್ಕೂ ಅದನ್ನೇ ಕರ್ಕೊಂಡು ಹೋದ್ರಾ?" ಎಂದು ಓರಗಿತ್ತಿ ಬಾಗಿಲು ಬಡಿದಳು.

ಒಳಗಿಂದ ನುಡಿಸುವ ಸದ್ದು ಬಂತು.

ಬಚ್ಚಲುಮನೆ ಬೇರೆ, ವೇದಿಕೆ ಬೇರೆ. ಸಂಜೆ ಅತ್ತಿಗೆಯೂ ಹೋದಳು. ಹೋಟೆಲಿನ ಮುಂಬಾಗಿಲಿನಿಂದ ಹೋಗಲು ನಾಚಿಕೆಯಾಗಿ, ಸಾಮಾನು ಹೊರುವವರ ಜೊತೆ ಒಳಗೆ ಹೋಗಿ ವೇದಿಕೆಯ ಬದಿಗೆ ನಿಂತಳು. ದೀಪ ಕೆಂಪಾಯಿತು. ಮೈದುನ ಕೆಳಗೆ ನೋಡಿದ, ಅವನ ಕೈ ಜಾರಿಕೊಂಡು ಮೇಲಕ್ಕೆ ಹೋಯಿತು, ಸರಿಯಾದ ಮನೆಯಲ್ಲಿ ನಿಂತಿತು. ದೀಪ ನೀಲಿಯಾಯಿತು. ಪೂರ್ತಿ ಆರಿತು. ಕತ್ತಲಲ್ಲಿ ಹಸಿರು ಬೊಟ್ಟುಗಳ ಸಾಲೊಂದು ಅತ್ತಿತ್ತ ಓಲಾಡುವುದು ಅವಳು ನಿಂತಲ್ಲಿಗೂ ಕಂಡಿತು. ಹಾಡುವವಳು ಒಮ್ಮೆಯೂ ತಿರುಗಿ ನೋಡಲಿಲ್ಲ.

ಹಾಡು ಮುಗಿದಾಗ ಅವಳು ಪಕ್ಕದಲ್ಲಿದ್ದ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ಅಮ್ಮಾ, ಅದು ಸ್ಪೀಕರ್ರು, ಏಳಿ" ಎಂದ ವೈರು ನೋಡಿಕೊಳ್ಳುವವನು.

"ಒಂದ್ನಿಮಿಷ ಇರಪ್ಪ. ಏಳೋಕೆ ಆದ್ರೆ ಏಳ್ತೀನಿ" ಎಂದಳು. ಅಳುವೂ ಬಂತು, ನಗುವೂ ಬಂತು. ಯಾವುದನ್ನೂ ತಡೆಯಲಿಲ್ಲ.

ಯಜಮಾನ ಮೈದುನನಿಗೆ ಹೊಗಳಿಕೆಯ ಮಾತೇನೂ ಆಡಲಿಲ್ಲ. "ಮುಂದಿನ ವಾರ ಹೊಸದೊಂದು ಹಾಡು ಹಾಕ್ಕೊಳ್ಳೋಣ, ಸ್ವಲ್ಪ ಬೇಗ ಬಾ" ಎಂದು ಹೇಳಿ ಊಟಕ್ಕೆ ಹೋದ. ಮೈದುನ ಆ ಮಾತನ್ನು ಹಾಗೆಯೇ ತಂದು ಅವಳಿಗೆ ಒಪ್ಪಿಸಿದ, ಮತ್ತೆ ಇನ್ನೊಮ್ಮೆ ಒಪ್ಪಿಸಿದ.

"ಕೇಳಿಸ್ತು ಬಿಡು" ಎಂದಳು ಅತ್ತಿಗೆ. "ನಡಿ ಮನೆಗೆ, ಹಸಿವಾಗ್ತಿದೆ."