ಬಾನೆಟ್ಟಿನ ಎಡಗಡೆಯ ಮೊದಲ ಅಕ್ಷರ

ಮಾವನವರ ಹಳೆಯ ಟ್ರ್ಯಾಕ್ಟರನ್ನು ನಮ್ಮ ಯಜಮಾನರು ಎರಡು ವರ್ಷ ರಿಪೇರಿ ಮಾಡಿದರು. ಮೊದಲು ಹೇಗಿತ್ತೋ ಹಾಗೇ ಆಗಬೇಕು, ನೋಡಿ ಮಾವನವರು ‘ಇದೇ’ ಅನ್ನಬೇಕು. ಅದೊಂದೇ ಇವರ ಆಸೆ. ಮಾವನವರು ಅನ್ನುತ್ತಿರಲಿಲ್ಲ. ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಇಂಜಿನ್ ಸ್ಟಾರ್ಟ್ ಆದಾಗ “ಸದ್ದು ಬೇರೆ ಇತ್ತು” ಎಂದರು. ಬಣ್ಣ ಹೊಡೆದಾಗ “ಇಷ್ಟು ಕೆಂಪಿರಲಿಲ್ಲ” ಎಂದರು.

ಉಳಿದದ್ದು ಸ್ಟಿಕ್ಕರ್. ಬಾನೆಟ್ಟಿನ ಎರಡೂ ಪಕ್ಕ ಕಂಪನಿಯ ಹೆಸರು ಅಂಟಿಸಬೇಕು. ಕಡೂರಿನ ಅಂಗಡಿಯವನು ಅಟ್ಟ ಹತ್ತಿ ಹುಡುಕಿ ಕೊಟ್ಟನಂತೆ. “ಇದೊಂದೇ ಸೆಟ್ ಇರೋದು ಕಣ್ರೀ, ಈ ಮಾಡೆಲ್ದು ಇನ್ ಬರಲ್ಲ. ಅಂಟಿಸಿದ್ಮೇಲೆ ಕಿತ್ರೆ ಮುಗೀತು” ಎಂದನಂತೆ. ಇವರು ಅದನ್ನು ತಂದು ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಮೇಲಿಟ್ಟರು.

ಸೋಮವಾರ ಬೆಳಿಗ್ಗೆ ಬಾನೆಟ್ ತೊಳೆದು, ನಾವಿಬ್ಬರೂ ರೊಟ್ಟಿ ತಿನ್ನಲು ಒಳಗೆ ಹೋದೆವು. ಬಂದು ನೋಡಿದರೆ ಎಡಗಡೆ ಮೂರು ಬೆರಳಿನ ವಿಭೂತಿ. ಪಕ್ಕದಲ್ಲಿ ಅತ್ತೆ ನಿಂತಿದ್ದರು.

“ಅವ್ವಾ, ಏನವ್ವಾ ಇದು?” ಎಂದರು ಇವರು.

“ಸೋಮವಾರ ಕಣೋ. ಗಾಡಿ ಬಂದಾಗಿಂದ ಅಲ್ಲೇ ಹಚ್ಚಿರೋದು. ನೀನು ಬಣ್ಣ ಹೊಡ್ಸ್ದೆ ಅಂತ ಬಿಡಕ್ಕಾಯ್ತದಾ?”

“ಹೆಸ್ರು ಅಲ್ಲೇ ಬರ್ಬೇಕಲ್ಲವ್ವಾ!”

“ಬರ್ಲಿ. ನಾನೇನು ಬೇಡ ಅಂದ್ನಾ?”

ಒದ್ದೆ ಬಟ್ಟೆಯಲ್ಲಿ ಒರೆಸಿದವಳು ನಾನು. ವಿಭೂತಿ ಹೋಯಿತು. ಇಸ್ತ್ರಿ ಬಟ್ಟೆಗೆ ನೀರು ಹೊಡೆಯುವ ಬಾಟಲಿಯಲ್ಲಿ ಸೋಪಿನ ನೀರು ತುಂಬಿ ಚಿಮುಕಿಸಿದೆವು. ಹಾಗೆ ಮಾಡಿದರೆ ಸ್ಟಿಕ್ಕರ್ ತಕ್ಷಣ ಕಚ್ಚಿಕೊಳ್ಳುವುದಿಲ್ಲ, ಅತ್ತಿತ್ತ ಜರುಗಿಸಿ ನೇರ ಮಾಡಬಹುದು. ಒಂದು ತುದಿ ನಾನು ಹಿಡಿದೆ, ಇನ್ನೊಂದು ಇವರು. ಆಮೇಲೆ ಹಳೆಯ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ, ನಡುವಿನಿಂದ ಅಂಚಿಗೆ ನೀರು ಒತ್ತಿ ತೆಗೆದರು. ಒಂದು ಗುಳ್ಳೆಯೂ ಏಳಲಿಲ್ಲ. ಬಲಗಡೆಯದನ್ನು ಊಟವಾದ ಮೇಲೆ ಅಂಟಿಸೋಣ ಎಂದರು.

ವಿಭೂತಿ ಒದ್ದೆಯಿದ್ದಾಗ ಕಾಣುವುದಿಲ್ಲ, ಒಣಗಿದ ಮೇಲೇ ಬೆಳ್ಳಗಾಗುವುದು. ಮದುವೆಯಾಗಿ ಬಂದಾಗಿನಿಂದ ದಿನಾ ಬೆಳಿಗ್ಗೆ ಮಾವನವರ ಹಣೆಯಲ್ಲೇ ಇದನ್ನು ನೋಡಿದ್ದೇನೆ. ಆದರೂ ಹೊಳೆಯಲಿಲ್ಲ.

ಊಟ ಮುಗಿಸಿ ಬರುವಷ್ಟರಲ್ಲಿ ಬಿಸಿಲಿಗೆ ಮೊದಲ ಅಕ್ಷರ ಎದ್ದು ಗಾಳಿಗೆ ಅಲ್ಲಾಡುತ್ತಿತ್ತು. ಅದರ ಹಿಂಬದಿಗೆಲ್ಲ ವಿಭೂತಿ ಮೆತ್ತಿತ್ತು.

“ಒರೆಸಿದ್ಯಾರು?” ಎಂದರು ಇವರು.

“ನಾನೇ.”

ಇವರು ಒಳಗೆ ಹೋಗಿ ಗೋಂದಿನ ಟ್ಯೂಬ್ ತಂದರು. ಅಷ್ಟರಲ್ಲಿ ಅತ್ತೆ ವಿಭೂತಿಗಟ್ಟಿಯನ್ನು ನೀರಿಗೆ ತಾಗಿಸಿ ಉಜ್ಜಿಕೊಂಡು ಬಂದಿದ್ದರು. “ನನ್ನದನ್ನ ಒರೆಸಿದ್ರೆ ನಿಮ್ಮದು ನಿಲ್ತದಾ? ಸರಿ ಅತ್ಲಾಗೆ” ಎಂದು, ಎದ್ದ ಅಕ್ಷರದ ಮೇಲೆ ಮೂರು ಬೆರಳನ್ನು ಒತ್ತಿ ಎಳೆದರು. ಅಕ್ಷರ ಮಲಗಿತು. ಮುಕ್ಕಾಲು ಪಾಲು ಮುಚ್ಚಿಯೂ ಹೋಯಿತು.

ಮಾವನವರು ಕುರ್ಚಿಯಿಂದ ಎದ್ದು, ಜಗಲಿ ಇಳಿದು ಹತ್ತಿರ ಬಂದರು. ಬಹಳ ಹೊತ್ತು ನೋಡಿದರು.

“ಆ ಮೊದಲ್ನೇ ಅಕ್ಷರ ಯಾವ್ದು ಅಂತ ಒಂದಿನಾನೂ ಕಂಡಿದ್ದಿಲ್ಲ. ಮೇಲೆ ನಿಮ್ಮವ್ವನ ಬೆರಳೇ ಇರೋದು” ಎಂದರು. ಆಮೇಲೆ, “ಹ್ಞೂಂ. ಇದೇ ಕಣೋ.”

ಇವರು ಗೋಂದಿನ ಮುಚ್ಚಳ ಹಾಕಿ, ಬಲಗಡೆಯದಕ್ಕೆ ಬಾಟಲಿಯಲ್ಲಿ ನೀರು ತುಂಬು ಎಂದರು.