ಶುಕ್ರವಾರ ಒರೆಸಿದ ತಟ್ಟೆ

ಮಾತು ಶುರುಮಾಡುವ ಮುಂಚೆ ಮೇಡಂ ಎರಡು ಸಲ ಸಣ್ಣಗೆ ಕೆಮ್ಮುತ್ತಿದ್ದರು, ಒಳಗೆ ಬರುವವರು ಬಾಗಿಲು ತಟ್ಟಿದ ಹಾಗೆ. ಬಲಗೈಯ ತೋರುಬೆರಳಿನ ತುದಿಯಲ್ಲಿ ಸದಾ ಒಂದು ಬೂದು ಮಸುಕು. ಬಸ್ಸಿನ ಸೀಟು, ನಮ್ಮ ತುಳಸಿಯ ಎಲೆ, ಟಿವಿಯ ಮೇಲ್ಭಾಗ, ಏನು ಕಂಡರೂ ಬೆರಳಿನಿಂದ ಒಮ್ಮೆ ಸವರಿ, ಬೆರಳನ್ನು ಬೆಳಕಿಗೆ ಹಿಡಿದು ನೋಡುವುದು ಅವರ ಅಭ್ಯಾಸ.

ಮಾಲೂರಿನ ನಮ್ಮ ಮನೆಯ ಮಹಡಿಗೆ ಬಾಡಿಗೆಗೆ ಬಂದ ದಿನವೇ ಅವರು ನನ್ನ ಷೋಕೇಸನ್ನು ಹಾಗೆ ಸವರಿದರು. ನನಗೆ ಮುಖವೆಲ್ಲ ಬಿಸಿಯಾಯಿತು. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಹೀಗೇ ಡೆಸ್ಕ್ ಸವರಿ, ಮಾಸಿದ ಬೆರಳನ್ನು ಏನೂ ಹೇಳದೆ ನಮ್ಮ ಮುಂದೆ ಹಿಡಿಯುತ್ತಿದ್ದರು. ಬೈದಿದ್ದರೆ ಮರೆಯುತ್ತಿದ್ದೆವೇನೋ.

ಮಹಡಿಯ ಮೇಡಂ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಪಾಠ ಮಾಡುತ್ತಿದ್ದರು. ದಿನಾ ಬೆಳಿಗ್ಗೆ ಕೋಲಾರದ ಬಸ್ಸು. ಹುಟ್ಟೂರು ಶಿವಾರಪಟ್ಟಣ. ತಂದೆ ವಿಗ್ರಹ ಕೆತ್ತುವವರು, ಕೆಮ್ಮಿ ಕೆಮ್ಮಿಯೇ ಹೋದವರು. ತಮ್ಮ ಆಗ ಅಪ್ಪನ ಷೆಡ್ಡಿನಲ್ಲೇ ಕೆತ್ತುತ್ತಿದ್ದ. ಉಳಿಯ ಜಾಗಕ್ಕೆ ಕರೆಂಟಿನ ಮೆಷಿನ್ ಬಂದ ಮೇಲೆ ಧೂಳು ಇನ್ನೂ ಹೆಚ್ಚಾಗಿತ್ತು. ಆ ಧೂಳು ಉಸಿರಿನ ಜೊತೆ ಎಷ್ಟು ಒಳಗೆ ಹೋಗುತ್ತದೆಂದು ಅಳೆದು ತೋರಿಸಿಬಿಟ್ಟರೆ ಷೆಡ್ಡುಗಳಿಗೆಲ್ಲ ಧೂಳೆಳೆಯುವ ಯಂತ್ರ ಕೇಳಬಹುದು, ತಮ್ಮನನ್ನು ಉಳಿಸಿಕೊಳ್ಳಬಹುದು ಎಂಬುದು ಅವರ ಲೆಕ್ಕ. ಅಳೆಯುವ ಉಪಕರಣ ಅವರ ವಿಭಾಗದಲ್ಲಿರಲಿಲ್ಲ. ಅದಕ್ಕೆ ಸಂಶೋಧನಾ ಅನುದಾನ ಬೇಕಿತ್ತು.

ವಿಜ್ಞಾನದ ಅಧ್ಯಾಪಕರಿಗೆ ಕೊಡುವ ಒಂದು ಫೆಲೋಶಿಪ್ಪಿನ ಪ್ರಕಟಣೆಯನ್ನು ಪ್ರಿಂಟ್ ತೆಗೆದು ಮಹಡಿಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದರು. ವಯೋಮಿತಿಯ ಸಾಲಿನ ಕೆಳಗೆ ಕೆಂಪು ಗೆರೆ.

“ಇದೇ ಕೊನೇ ಸಲ ಕಣಮ್ಮಾ. ಮುಂದಿನ ವರ್ಷಕ್ಕೆ ನನ್ ವಯಸ್ಸು ಈ ಗೆರೆ ದಾಟ್ಬಿಡುತ್ತೆ.”

ಅರ್ಜಿಯ ಜೊತೆ ಮೊದಲ ಹಂತದ ಅಳತೆಗಳನ್ನೂ ಕೊಡಬೇಕಿತ್ತು. ಅದಕ್ಕೆಂದು ಅಂಗೈಯಗಲದ ಗಾಜಿನ ತಟ್ಟೆಗಳು, ಒಂದೊಂದಕ್ಕೂ ಮುಚ್ಚಳ. ವಾರವೆಲ್ಲ ತೆರೆದಿಟ್ಟು, ಶನಿವಾರ ಮುಚ್ಚಿ, ಲ್ಯಾಬಿನಲ್ಲಿ ತೂಗುವುದು. ನಾಲ್ಕು ತಟ್ಟೆ ತಮ್ಮನ ಷೆಡ್ಡಿನಲ್ಲಿ. ಹೋಲಿಸಿ ನೋಡಲು ಕಲ್ಲುಧೂಳಿಲ್ಲದ ಕಡೆ ಒಂದು ಬೇಕಲ್ಲ, ಅದು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ.

“ನಿಮ್ಮನೆಯಷ್ಟು ಚೊಕ್ಕಟ ಇನ್ನೆಲ್ಲಿ ಸಿಗುತ್ತಮ್ಮಾ?” ಅಂದರು.

ಷೆಡ್ಡಿನ ತಟ್ಟೆಗಳನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟು ಶನಿವಾರ ತಮ್ಮನೇ ತಂದುಕೊಡುತ್ತಿದ್ದ. ಒಮ್ಮೆ ನಮ್ಮ ಜಗುಲಿಯಲ್ಲಿ ಕೂತು ಅಕ್ಕನನ್ನು ರೇಗಿಸಿದ: “ಧೂಳು ತೂಗೋಕೂ ಸರ್ಕಾರ ದುಡ್ ಕೊಡ್ತದಾ ಅಕ್ಕಾ? ಹಂಗಾದ್ರೆ ಊರಿಗೆಲ್ಲಾ ನಾನೇ ಸಾವುಕಾರ!”

ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲದೆ ಗೋಡೆ ಹಿಡಿದುಕೊಂಡ. ನಾನು ನೀರು ತಂದೆ.

“ಮೂಗಿಗೆ ಬಟ್ಟೆ ಕಟ್ಕೋ ಅಂದ್ರೆ ಕೇಳ್ತೀಯೇನೋ ನೀನು?”

“ಊರುಕೋ ಅಕ್ಕಾ, ಸುಮ್ನಿರು. ಬಟ್ಟೆ ಕಟ್ಟಿದ್ರೆ ಕನ್ನಡಕ ಎಲ್ಲಾ ಆವಿ. ದೇವ್ರ ಕಣ್ಣು ಹೆಂಗ್ ಬಿಡಿಸ್ಲಿ?”

ಮೇಡಂ ಅವನು ಗೋಡೆಯ ಮೇಲೆ ಬಿಟ್ಟುಹೋದ ಬಿಳಿ ಅಂಗೈ ಗುರುತನ್ನೇ ನೋಡುತ್ತಿದ್ದರು.

ನಮ್ಮ ಮನೆಯಲ್ಲಿ ಶುಕ್ರವಾರ ಎಲ್ಲವನ್ನೂ ಒರೆಸುವ ದಿನ. ದೇವರ ಕೋಣೆಯಿಂದ ಶುರುಮಾಡಿ ಕಿಟಕಿಯ ಸರಳಿನವರೆಗೆ. ಮೊದಲ ಶುಕ್ರವಾರವೇ ಗಾಜಿನ ತಟ್ಟೆಯಲ್ಲಿ ಬೂದುಬಣ್ಣದ ತೆಳು ಪೊರೆಯೊಂದು ಕಂಡಿತು. ನಾಳೆ ಇದು ಲ್ಯಾಬಿಗೆ ಹೋಗುತ್ತದೆ, ಓದಿದವರೆಲ್ಲ ನೋಡುತ್ತಾರೆ, ಇದೇನಾ ಚೊಕ್ಕಟ ಮನೆ ಅನ್ನುತ್ತಾರೆ ಅನ್ನಿಸಿತು. ಹಳೇ ಪಂಚೆಯ ಮೆತ್ತನೆಯ ತುಂಡಿನಿಂದ ಒರೆಸಿ ಇದ್ದಲ್ಲೇ ಇಟ್ಟೆ. ಆಮೇಲೆ ಪ್ರತಿ ಶುಕ್ರವಾರವೂ. ತಪ್ಪೆಂದು ನನಗೆ ಹೊಳೆಯಲೇ ಇಲ್ಲ.

ಅರ್ಜಿಯ ಇಂಗ್ಲಿಷನ್ನು ತಿದ್ದಿದವಳೂ ನಾನೇ. ಹೋಲಿಕೆಯ ಮನೆಯಲ್ಲಿ ಧೂಳು ಇಲ್ಲವೆನ್ನುವಷ್ಟು ಕಡಿಮೆ ಎಂದು ಅದರಲ್ಲಿ ಬರೆದಿತ್ತು. ಆ ವಾಕ್ಯದ ಒಂದು ಕಾಮಾ ಸರಿಮಾಡಿ, ಒಳಗೊಳಗೇ ಹೆಮ್ಮೆಪಟ್ಟೆ.

ಅರ್ಜಿ ಮೊದಲ ಸುತ್ತು ದಾಟಿತು. ಬೆಂಗಳೂರಿಗೆ ಬಂದು ಸಮಿತಿಯ ಮುಂದೆ ವಿವರಿಸಿ ಎಂದು ಪತ್ರ ಬಂತು. ಆ ಸಮಯಕ್ಕೇ ನಾನು ಮಗಳನ್ನು ಕರೆದುಕೊಂಡು ಮುಳಬಾಗಿಲಿಗೆ, ಅಮ್ಮನ ಮನೆಗೆ ಹೋಗಿ ಎರಡು ವಾರ ಇದ್ದೆ. ವಾಪಸ್ಸು ಬಂದು ಅಡುಗೆಮನೆಗೆ ಕಾಲಿಟ್ಟರೆ ಕಿಟಕಿಯಲ್ಲಿ ತಟ್ಟೆ. ಬೀಗ ಹಾಕಿದ್ದ ಮನೆ, ಯಾರೂ ಮುಚ್ಚಿರಲಿಲ್ಲ, ಒರೆಸಿರಲಿಲ್ಲ. ಗಾಜು ಕಾಣದಷ್ಟು ಬೂದು ಧೂಳು. ಪಕ್ಕದಲ್ಲೇ ಮಗಳ ಹಾಲಿನ ಲೋಟ. ತಟ್ಟೆ ಹಿಡಿದು ಮಹಡಿ ಹತ್ತಿದೆ.

ಮೇಡಂ ಮಾರನೆಯ ದಿನದ ಸಂದರ್ಶನಕ್ಕೆ ಸೀರೆ ಇಸ್ತ್ರಿ ಮಾಡುತ್ತಿದ್ದರು. ತಟ್ಟೆಯನ್ನು ಮುಂದಿಟ್ಟು ಎಲ್ಲ ಹೇಳಿದೆ. ಅವರು ಎರಡು ಸಲ ಕೆಮ್ಮಿದರು.

“ಎಷ್ಟು ವಾರ ಒರೆಸಿದ್ರಿ? ಅಂದಾಜು ಬೇಡಮ್ಮಾ.”

ಕಾಫಿಗೆ ಸಕ್ಕರೆ ಎಷ್ಟೆಂದು ಕೇಳಿದರೂ ಅವರು ಹೇಳುತ್ತಿದ್ದ ಮಾತು ಅದು.

“ಎಲ್ಲಾ ಶುಕ್ರವಾರ, ಮೇಡಂ.”

ಇಸ್ತ್ರಿಪೆಟ್ಟಿಗೆ ಆರಿಸಿದರು. ಬೆರಳಿನಿಂದ ತಟ್ಟೆ ಸವರಿ, ಹೆಬ್ಬೆರಳಿಗೆ ಉಜ್ಜಿ ನೋಡಿದರು. “ಲ್ಯಾಬಲ್ಲಿ ನೋಡ್ಬೇಕು. ಆದ್ರೆ ನಮ್ಮಪ್ಪನ ಮಗಳು ನಾನು. ಇದು ಕಲ್ಲೇ.” ಕಿಟಕಿಯಾಚೆ ನೋಡಿದರು. ದೂರದ ಗುಡ್ಡದ ಹತ್ತಿರ ಜಲ್ಲಿ ಕ್ರಷರ್ ಶುರುವಾಗಿ ಒಂದು ವರ್ಷವಾಗಿತ್ತು. ಗಾಳಿ ಈ ಕಡೆಗೇ ಬೀಸುತ್ತಿತ್ತು.

“ಸಮಿತಿಯವ್ರಿಗೆ ಇದೆಲ್ಲ ಗೊತ್ತಾಗಲ್ಲ, ಅಲ್ವಾ ಮೇಡಂ?” ನಾನು ಹಾಗೆ ಕೇಳಿದೆ ಎಂದು ಬರೆಯಲು ಈಗಲೂ ನಾಚಿಕೆ.

“ನನಗೆ ಗೊತ್ತಾಯ್ತಲ್ಲಮ್ಮಾ,” ಅಂದರು.

ಸಮಿತಿಯ ಮುಂದೆ ಅವರೇ ಹೇಳಿಕೊಂಡರು. ಆ ಅಳತೆ ತಪ್ಪು, ಕಲ್ಲುಧೂಳಿಲ್ಲ ಅಂದುಕೊಂಡ ಮನೆಯಲ್ಲೂ ಅದು ಇರುವಂತಿದೆ, ಎಷ್ಟೆಂದು ಹೇಳಲು ನನ್ನ ಹತ್ತಿರ ಸಂಖ್ಯೆಯಿಲ್ಲ ಎಂದು. ಒಂದು ವರ್ಷ ಸರಿಯಾಗಿ ಅಳತೆ ತೆಗೆದು ಮತ್ತೆ ಅರ್ಜಿ ಹಾಕಿ ಅಂದರಂತೆ ಸಮಿತಿಯವರು. ಸಂಜೆ ರೈಲಿಗೆ ಬಂದವರು ಚಪ್ಪಲಿಯನ್ನೂ ಬಿಡದೆ ಫ್ರಿಜ್ಜಿನ ಮೇಲಿನ ಕಾಗದವನ್ನು ಬಿಡಿಸಿ, ನಾಲ್ಕಾಗಿ ಮಡಚಿಟ್ಟರು.  ಆ ಶನಿವಾರ ಹೊಸ ತಟ್ಟೆಯೊಂದನ್ನು ತಂದು ನಮ್ಮ ಕಿಟಕಿಯಲ್ಲೇ ಇಟ್ಟರು.

“ಒರೆಸ್ಬೇಡಿ,” ಅಂದರು. ಅಷ್ಟೇ.

ತಮ್ಮ ಈಗ ಮೆಷಿನ್ ಹಿಡಿಯುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಕೂತುಬಿಡುತ್ತಾನೆ. ಆದರೆ ಅವನಿಗಿಂತ ಮೊದಲು ಮೇಡಂ ಅದೇ ಕೆಮ್ಮಿನಲ್ಲಿ ಹೋದರು. ಹುಟ್ಟಿ ಬೆಳೆದದ್ದು, ಓದಿದ್ದು, ಮಲಗಿದ್ದು ಎಲ್ಲ ಆ ಷೆಡ್ಡಿನ ಮಗ್ಗುಲಲ್ಲೇ ಅಲ್ಲವೇ. ಕೊನೆಯ ದಿನಗಳಲ್ಲಿ ಕೋಲಾರದ ಆಸ್ಪತ್ರೆಯಲ್ಲಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಬಿಳಿ ಚುಕ್ಕಿಗಳ ಮೇಲೆ ಅದೇ ಬೆರಳು ಆಡಿಸಿದರು.

“ನೋಡಮ್ಮಾ, ನಮ್ಮಪ್ಪನ ಷೆಡ್ಡು. ಇಲ್ಲೇ ಇತ್ತು.”

ಅವರು ಹೋದ ಮೇಲೂ ನಾನು ತಟ್ಟೆ ಇಡುವುದನ್ನು ಬಿಟ್ಟಿಲ್ಲ. ಶನಿವಾರ ಮುಚ್ಚಿ, ತಾರೀಖು ಬರೆದು, ಅಲ್ಮೇರಾದಲ್ಲಿ ಸೀರೆಗಳನ್ನು ಸರಿಸಿ ಜೋಡಿಸುತ್ತೇನೆ. ಒಂದು ವರ್ಷದ ತಟ್ಟೆಗಳಾಗಿವೆ, ಒಂದನ್ನೂ ಒರೆಸಿಲ್ಲ. ಅವರ ವಿಭಾಗಕ್ಕೆ ಹೊಸದಾಗಿ ಬಂದ ಅಧ್ಯಾಪಕಿಯೊಬ್ಬರು ಅದೇ ಫೆಲೋಶಿಪ್ಪಿಗೆ ಅರ್ಜಿ ಹಾಕುತ್ತಿದ್ದಾರೆ. ನಾಳೆ ಬಂದು ಎಲ್ಲವನ್ನೂ ಒಯ್ಯುತ್ತಾರಂತೆ.

ಇವತ್ತಿನ ತಟ್ಟೆಗೆ ಮುಚ್ಚಳ ಹಾಕುತ್ತಿದ್ದೆ. ಒಳಕೋಣೆಯಿಂದ ಮಗಳು ಕರೆದಳು. ಕರೆಯುವ ಮುಂಚೆ ಸಣ್ಣಗೆ, ಎರಡು ಸಲ, ಕೆಮ್ಮಿದಳು.